ಸ್ಟೆರೈಲ್ ನೀರು: ದರಕ್ಕಿಂತ ಮೊದಲು ಉಪಯೋಗವನ್ನು ವಿಚಾರಿಸಿ

ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆ, ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ, ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾನಿಲಯ, ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರ – ಇಷ್ಟೊಂದು ಪ್ರಯೋಗಾಲಯಗಳು ಉತ್ತರ ಬೆಂಗಳೂರಿನಲ್ಲಿರುವಾಗ, ಅವುಗಳಿಗೆ ಸಾಮಗ್ರಿ ಒದಗಿಸುವ ವ್ಯಾಪಾರವು ನಮ್ಮ ಸದಸ್ಯರಿಗೆ ಸಹಜವಾದ ಅವಕಾಶವಾಗಿದೆ. ಈ ಸಾಮಗ್ರಿಗಳ ಪೈಕಿ ಅತ್ಯಂತ ಸಾಧಾರಣವೆಂದು ತೋರುವ ಸ್ಟೆರೈಲ್ ನೀರಿನಲ್ಲಿಯೇ ಹೆಚ್ಚಿನ ಎಚ್ಚರಿಕೆ ಅಗತ್ಯವೆಂಬುದು ನನ್ನ ಅಭಿಪ್ರಾಯ.

ಈ ನೀರಿನಲ್ಲಿ ಎರಡು ಬಗೆಗಳಿವೆ. ಸಂರಕ್ಷಕರಹಿತ ನೀರನ್ನು ಒಮ್ಮೆ ತೆರೆದು ಬಳಸಿದ ಮೇಲೆ ಉಳಿದುದನ್ನು ಚೆಲ್ಲಬೇಕು. ಬ್ಯಾಕ್ಟೀರಿಯೋಸ್ಟ್ಯಾಟಿಕ್ ಎಂಬ ಎರಡನೆಯ ಬಗೆಯಲ್ಲಿ ಸಾಮಾನ್ಯವಾಗಿ ಶೇ. 0.9ರಷ್ಟು ಬೆಂಜೈಲ್ ಆಲ್ಕೋಹಾಲ್ ಇರುತ್ತದೆ. ಮುಚ್ಚಳಕ್ಕೆ ಮೊದಲ ಬಾರಿ ಸೂಜಿ ಚುಚ್ಚಿದ ದಿನದಿಂದ 28 ದಿನಗಳವರೆಗೆ ಅದನ್ನು ಮತ್ತೆ ಮತ್ತೆ ಬಳಸುವುದು ರೂಢಿ. ಆದರೆ ಈ ಸಂರಕ್ಷಕವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು, ಕಲುಷಿತಗೊಂಡ ನೀರನ್ನು ಶುದ್ಧಗೊಳಿಸುವುದಿಲ್ಲ.

ಲೆಕ್ಕವನ್ನು ನೋಡೋಣ. ಉದಾಹರಣೆಗಾಗಿ, 10 ಮಿ.ಲೀ.ನ ಸಂರಕ್ಷಕರಹಿತ ಬಾಟಲಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ 2 ಮಿ.ಲೀ. ಮಾತ್ರ ಬಳಸಿದರೆ ಮಿ.ಲೀ.ಗೆ 10 ರೂಪಾಯಿ ಬಿದ್ದಂತೆ. 30 ಮಿ.ಲೀ.ನ ಸಂರಕ್ಷಕವುಳ್ಳ ಬಾಟಲಿಗೆ 150 ರೂಪಾಯಿಯಾದರೆ, ಪೂರ್ಣ ಬಳಸಿದಾಗ ಮಿ.ಲೀ.ಗೆ 5 ರೂಪಾಯಿ. 28 ದಿನಗಳಲ್ಲಿ 10 ಮಿ.ಲೀ. ಮಾತ್ರ ಬಳಸಿದರೆ 15 ರೂಪಾಯಿ. ಆದ್ದರಿಂದ ಬಾಟಲಿಯ ದರ ಬೇರೆ, ನಿಜವಾದ ವೆಚ್ಚ ಬೇರೆ.

ಲೆಕ್ಕಕ್ಕೆ ಸಿಗದ ನಷ್ಟವೂ ಒಂದಿದೆ. ಬೆಂಜೈಲ್ ಆಲ್ಕೋಹಾಲ್ ಜೀವಕೋಶಗಳಿಗೆ ಹಾನಿ ಮಾಡಬಲ್ಲದು. ಈ ಸಂರಕ್ಷಕವಿದ್ದ ದ್ರಾವಣಗಳಿಂದ ಅಮೆರಿಕದಲ್ಲಿ ಅವಧಿಪೂರ್ವ ಶಿಶುಗಳು ಮೃತಪಟ್ಟ ಬಳಿಕ, ನವಜಾತ ಶಿಶುಗಳಿಗೆ ಅಂತಹವನ್ನು ಬಳಸಬಾರದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು 1982ರಲ್ಲಿ ಎಚ್ಚರಿಸಿತು. ಜೀವಕೋಶಗಳನ್ನು ಬೆಳೆಸುವ ಪ್ರಯೋಗಗಳಿಗೆ ಸಂರಕ್ಷಕರಹಿತ ನೀರೇ ಸೂಕ್ತ. ಒಂದೇ ದ್ರಾವಣವನ್ನು ಹಲವು ದಿನ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕಾದಲ್ಲಿ, ಸಂರಕ್ಷಕವು ಪ್ರಯೋಗಕ್ಕೆ ಅಡ್ಡಿಯಾಗದು ಎಂದು ಸಂಶೋಧಕರು ಖಚಿತಪಡಿಸಿದರೆ ಮಾತ್ರ ಎರಡನೆಯದನ್ನು ಆರಿಸಬಹುದು. ಹಲವು ತಿಂಗಳ ಪ್ರಯೋಗ ಕೆಟ್ಟರೆ ಬಾಟಲಿಯಲ್ಲಿ ಉಳಿಸಿದ ಹಣ ಯಾವ ಮೂಲೆಗೂ ಸಾಲದು.

ಆದುದರಿಂದ ವರ್ತಕ ಮಿತ್ರರಲ್ಲಿ ನನ್ನ ಸಲಹೆಗಳಿಷ್ಟು. ಬೇಡಿಕೆ ಪತ್ರದಲ್ಲಿ ಕೇವಲ ‘ಸ್ಟೆರೈಲ್ ನೀರು’ ಎಂದಿದ್ದರೆ, ದರ ನಮೂದಿಸುವ ಮುನ್ನ ಉಪಯೋಗವನ್ನು ಲಿಖಿತವಾಗಿ ವಿಚಾರಿಸಿ. ದರಪಟ್ಟಿ ಹಾಗೂ ಬಿಲ್ಲಿನಲ್ಲಿ ಸಂರಕ್ಷಕದ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಕಾಣಿಸಿ. ದಾಸ್ತಾನಿನಲ್ಲಿ ಒಂದಿಲ್ಲವೆಂದು ಇನ್ನೊಂದನ್ನು ಕಳುಹಿಸಬೇಡಿ. ದೊಡ್ಡ ಬಾಟಲಿಗೆ ಬದಲಾಗಿ 5 ಮಿ.ಲೀ.ನ ಸಂರಕ್ಷಕರಹಿತ ಆಂಪೂಲ್‌ಗಳನ್ನು ಸೂಚಿಸಿದರೆ ಗ್ರಾಹಕರಿಗೆ ಪೋಲು ತಗ್ಗುತ್ತದೆ.

ಅಗ್ಗವಾಗಿ ಸಿಕ್ಕಿತೆಂದು ಅತಿಯಾಗಿ ದಾಸ್ತಾನು ಮಾಡುವುದೂ ತರವಲ್ಲ. ಅವಧಿ ಮುಗಿದ ಸರಕನ್ನು ಲೆಕ್ಕದಿಂದ ತೆಗೆದುಹಾಕಿದಾಗ, 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಪ್ರಕಾರ ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಹಿಂತಿರುಗಿಸಬೇಕಾಗುತ್ತದೆ. ಸರಕೂ ಹೋಯಿತು, ತೆರಿಗೆಯೂ ಹೋಯಿತು ಎಂಬ ಸ್ಥಿತಿ.

ಖರೀದಿ ಮಾಡುವ ಸಂಸ್ಥೆಗಳೂ ಕನಿಷ್ಠ ದರವೊಂದನ್ನೇ ನೋಡದೆ, ಯಾವ ಬಗೆಯ ನೀರು ಬೇಕೆಂಬುದನ್ನು ಟೆಂಡರಿನಲ್ಲಿಯೇ ಸ್ಪಷ್ಟಪಡಿಸಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮಗೆ ಗೊತ್ತೇ ಇದೆ. ಕೆಲವೇ ರೂಪಾಯಿಯ ಬಾಟಲಿಗಾಗಿ ಪ್ರಯೋಗಾಲಯವೊಂದರ ವಿಶ್ವಾಸವನ್ನು ಕಳೆದುಕೊಳ್ಳುವುದು ಯಾವ ವರ್ತಕನಿಗೂ ಲಾಭದ ಬಾಬತ್ತಲ್ಲ.