ಬೀಜವನ್ನು ಬೈಯುವ ಮೊದಲು

ಕಳೆದ ತಿಂಗಳು ಎಚ್‌ಎಸ್‌ಆರ್ ಲೇಔಟಿನಲ್ಲಿ ಫ್ಲಾಟ್ ತಗೊಂಡ ಗೆಳೆಯನ ಮನೆಗೆ ಹೋಗಿದ್ದೆ. ಗೃಹಪ್ರವೇಶದ ದಿನ ರಿಲೀಸ್ ಇತ್ತು, ಹೋಗೋಕೆ ಆಗಿರಲಿಲ್ಲ. ದೇವರ ಕೋಣೆ ತೋರಿಸುವ ಮೊದಲೇ ಅಡುಗೆಮನೆಗೆ ಎಳ್ಕೊಂಡು ಹೋದ. ಕಟ್ಟೆಯ ಮೇಲೆ ಸ್ಟೀಲಿನ ಎಸ್ಪ್ರೆಸೊ ಮಷಿನ್ ಮದುಮಗನ ಹಾಗೆ ಮಿಂಚ್ತಾ ಕೂತಿತ್ತು. ‘ಎಪ್ಪತ್ತು ಸಾವಿರ ಮಗಾ, ಬೋನಸ್ ದುಡ್ಡು’ ಅಂದ. ಸಂತೋಷ. ಆಮೇಲೆ ಒಂದು ಪೊಟ್ಟಣ ತೆಗೆದು, ಮಿಕ್ಸಿಯ ಚಟ್ನಿ ಜಾರಿಗೆ ಬೀಜ ಸುರಿದು ಗುರ್ರ್ ಅನ್ನಿಸಿದ. ಆ ಪುಡಿಯನ್ನು ತುಂಬಿ, ಒತ್ತಿ, ಬಟನ್ ಅದುಮಿದ. ಎಂಟೇ ಸೆಕೆಂಡಿಗೆ ಕಂದು ನೀರು ದಬದಬ ಸುರಿದು ಕಪ್ ತುಂಬಿಹೋಯಿತು. ಕುಡಿದೆ. ಮೊದಲು ಹುಣಸೆ, ಹಿಂದೆಯೇ ಬೇವು. ಅವನೂ ಒಂದು ಗುಟುಕು ಕುಡಿದು ಮುಖ ಸಿಂಡರಿಸಿಕೊಂಡು ಹೇಳಿದ: ‘ನಮ್ ಇಂಡಿಯನ್ ಬೀನ್ಸೇ ಸರಿ ಇಲ್ಲ ಮಗಾ. ನೆಕ್ಸ್ಟ್ ಟೈಮ್ ಇಟಾಲಿಯನ್ ತರಿಸ್ತೀನಿ.’

ಅವನ ಮನೆಯಲ್ಲಿ ನಾನೇನೂ ಮಾತಾಡಲಿಲ್ಲ. ಅತಿಥಿ ನಾನು, ಮೇಲಾಗಿ ಅವನ ಹೆಂಡತಿ ಕೋಡುಬಳೆ ಚೆನ್ನಾಗಿ ಮಾಡಿದ್ದರು. ಆದರೆ ಅದೇ ಮಾತನ್ನು ಆಫೀಸಿನ ಪ್ಯಾಂಟ್ರಿಯಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಇವತ್ತು ಬರೆದೇ ಬಿಡ್ತೀನಿ.

ನನ್ನ ಊರು ಮೂಡಿಗೆರೆ ಕಡೆ. ಅಪ್ಪನಿಗೆ ಮೂರು ಎಕರೆ ರೊಬಸ್ಟಾ ತೋಟ. ಅಜ್ಜ ಹಾಕಿದ್ದು ಅರೇಬಿಕಾ. ಬಿಳಿ ಕಾಂಡಕೊರಕ ಬಂದು ಗಿಡದ ಹೊಟ್ಟೆ ಕೊರೆದು, ವರ್ಷ ವರ್ಷವೂ ಕಿತ್ತು ಸುಡೋದೇ ಕೆಲಸವಾದ ಮೇಲೆ ಅಪ್ಪ ರೊಬಸ್ಟಾಗೆ ಬಂದರು. ಫೆಬ್ರವರಿ-ಮಾರ್ಚಲ್ಲಿ ಹೂಮಳೆ ಸರಿಯಾದ ಹೊತ್ತಿಗೆ ಬರದಿದ್ದರೆ ಹಳ್ಳಕ್ಕೆ ಡೀಸೆಲ್ ಪಂಪು ಇಟ್ಟು ರಾತ್ರಿಯಿಡೀ ಸ್ಪ್ರಿಂಕ್ಲರ್ ಬದಲಾಯಿಸ್ತಾ ತಿರುಗೋದು. ನಾನು ಬಿಇ ಓದಿದ್ದು ಆ ಬೀಜದ ದುಡ್ಡಿನಲ್ಲಿ. ಹಾಗಾಗಿ ‘ಬೀನ್ಸೇ ಸರಿ ಇಲ್ಲ’ ಅಂತ ಯಾರಾದರೂ ಅಂದರೆ ನನಗೆ ಅದು ಸುಮ್ಮನೆ ರುಚಿಯ ವಿಷಯವಾಗಿ ಕೇಳಿಸಲ್ಲ. ತೋಟದವನು ಕೆಲಸ ಕೆಡಿಸಿದ್ದಾನೆ ಅಂದ ಹಾಗೆ ಕೇಳಿಸುತ್ತೆ. ಕೆಡಿಸಿದ್ದು ಚಟ್ನಿ ಜಾರು.

ಮಿಕ್ಸಿಯ ಬ್ಲೇಡು ಬೀಸಲ್ಲ, ಕಡಿಯುತ್ತೆ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಕೊಚ್ಚುತ್ತೆ. ಅದರಿಂದ ಬರೋ ಪುಡಿಯಲ್ಲಿ ಅರ್ಧ ಗೋಪಿಚಂದನದ ಹಾಗೆ ನುಣ್ಣಗೆ, ಇನ್ನರ್ಧ ಅಕ್ಕಿ ನುಚ್ಚು. ಫಿಲ್ಟರಿನಲ್ಲಾದರೆ ಹೇಗೋ ನಡೆದೀತು, ಅಲ್ಲಿ ನೀರು ನಿಧಾನ, ತಾಳ್ಮೆ ಜಾಸ್ತಿ. ಎಸ್ಪ್ರೆಸೊ ಹಾಗಲ್ಲ. 9 ಬಾರ್ ಒತ್ತಡದಲ್ಲಿ ಬಿಸಿನೀರು ಪುಡಿಯ ಬಿಲ್ಲೆಯೊಂದರ ಮೂಲಕ ನುಗ್ಗಬೇಕು, 25-30 ಸೆಕೆಂಡಿನಲ್ಲಿ ಮುಗಿಯಬೇಕು. ನೀರಿಗೆ ಬುದ್ಧಿ ಇಲ್ಲ, ಸುಲಭದ ದಾರಿ ಹುಡುಕುತ್ತೆ. ನುಚ್ಚು ಇರುವ ಕಡೆ ಓಟ ಕೀಳುತ್ತೆ, ನುಣ್ಣಗಿರುವ ಕಡೆ ಮೆತ್ತಿಕೊಂಡು ನಿಲ್ಲುತ್ತೆ. ನುಚ್ಚಿನಿಂದ ಸಾರ ಪೂರ್ತಿ ಇಳಿಯೋದೇ ಇಲ್ಲ, ಅದೇ ಆ ಹುಳಿ. ನುಣ್ಣನೆಯ ಪುಡಿಯಿಂದ ಇಳಿಯಬಾರದ್ದೆಲ್ಲ ಇಳಿಯುತ್ತೆ, ಅದೇ ಆ ಕಹಿ. ಗೆಳೆಯನ ಕಪ್ಪಿನಲ್ಲಿ ಎರಡೂ ಒಟ್ಟಿಗೆ ಬಂದಿದ್ದು ಹಾಗೆ. ಅದಕ್ಕೆ ನಮ್ಮೂರಿನ ಬೀಜ ಹಾಕಿದರೂ ಅಷ್ಟೇ, ಇಥಿಯೋಪಿಯಾದ್ದು ಹಾಕಿದರೂ ಅಷ್ಟೇ.

ಬರ್ ಗ್ರೈಂಡರ್ ಅನ್ನೋದು ಏನು ಅಂತ ಕೇಳಿದರೆ ನಾನು ಬೀಸುಕಲ್ಲು ಅಂತೀನಿ. ಎರಡು ಹಲ್ಲಿನ ಬಿಲ್ಲೆ, ನಡುವೆ ಸಂದು. ಸಂದಿಗಿಂತ ದಪ್ಪ ಇರೋದು ಕೆಳಗೆ ಬೀಳೋ ಹಾಗಿಲ್ಲ. ಸಂದು ಎಷ್ಟು ಅನ್ನೋದು ನಿಮ್ಮ ಕೈಯಲ್ಲಿ. ಅಷ್ಟೇ ಕಣ್ರೀ ತಂತ್ರಜ್ಞಾನ. ಇದರಲ್ಲಿ ಹೊಸದೇನೂ ಇಲ್ಲ. ನಮ್ಮನೆಯಲ್ಲಿ ಬೆಂಚಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿದ ಕಬ್ಬಿಣದ ಕೈ ಮಿಷನ್ ಒಂದಿತ್ತು, ಮಲೆನಾಡಿನ ಹಳೇ ಮನೆಗಳನ್ನು ನೋಡಿದವರಿಗೆ ಗೊತ್ತಿರುತ್ತೆ. ಅಮ್ಮ ಬಾಣಲೆಯಲ್ಲಿ ಬೀಜ ಹುರಿದು ಆರಿಸಿ ಕೊಟ್ಟರೆ, ಹಿಡಿ ತಿರುಗಿಸೋದು ನನ್ನ ಕೆಲಸ. ಪಕ್ಕದಲ್ಲೊಂದು ತಿರುಪು. ‘ಅರ್ಧ ಸುತ್ತು ಬಿಗಿ ಮಾಡೋ, ತರಿತರಿ ಆಯ್ತು’ ಅಂತ ಅಮ್ಮ ಒಲೆ ಮುಂದಿನಿಂದಲೇ ಕೂಗೋರು, ಶಬ್ದ ಕೇಳಿಯೇ ಗೊತ್ತಾಗ್ತಿತ್ತು ಅವರಿಗೆ. ಇವತ್ತು ಯೂಟ್ಯೂಬಿನಲ್ಲಿ ಗಡ್ಡದವರೆಲ್ಲ ‘ಡಯಲಿಂಗ್ ಇನ್’ ಅಂತ ಕರೆಯೋದು ಇದನ್ನೇ.

ಆದ್ದರಿಂದ ನನ್ನ ಜಗಳದ ಮೊದಲನೇ ಅಂಶ: ದುಡ್ಡು ಮೊದಲು ಗ್ರೈಂಡರಿಗೆ, ಮಿಕ್ಕಿದ್ದು ಮಷಿನ್ನಿಗೆ. ಐವತ್ತು ಸಾವಿರ ಖರ್ಚು ಮಾಡೋ ಆಸೆ ಇದ್ದರೆ ಇಪ್ಪತ್ತು ಗ್ರೈಂಡರಿಗೆ ಎತ್ತಿಡಿ. ಮಷಿನ್ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ, ನೀರಿನ ಬಿಸಿ ಏರುಪೇರಾದರೆ ಯಾವ ಗ್ರೈಂಡರೂ ಕಾಪಾಡಲ್ಲ. ಆದರೆ ಸಾಧಾರಣ ಮಷಿನ್ನಿನ ಜೊತೆ ಒಳ್ಳೇ ಗ್ರೈಂಡರ್ ಇದ್ದರೆ ಕುಡಿಯೋ ಹಾಗಿರುತ್ತೆ. ಮಷಿನ್ ಎಷ್ಟೇ ಒಳ್ಳೇದಿದ್ದರೂ ಚಟ್ನಿ ಜಾರಿನ ಪುಡಿ ಹಾಕಿದರೆ ಸಿಂಕಿಗೇ ಹೋಗಬೇಕು.

ಕರೆಂಟಿನದ್ದೇ ಬೇಕು ಅಂತೇನಿಲ್ಲ. ಒಬ್ಬರು, ಇಬ್ಬರು ಕುಡಿಯೋ ಮನೆಗೆ ಕೈ ಗ್ರೈಂಡರೇ ಲಾಭ, ಮೋಟಾರಿಗೆ ಹೋಗೋ ದುಡ್ಡು ಬರ್‌ಗೆ ಹೋಗುತ್ತೆ. ಕಿನ್‌ಗ್ರೈಂಡರ್ ಕೆ6, ಒನ್‌ಜಡ್‌ಪ್ರೆಸ್ಸೊ ಜೆ-ಅಲ್ಟ್ರಾ ತರದವು ಈಗ ಇಲ್ಲೂ ಸಿಗ್ತವೆ. ನೋಡಬೇಕಾದ ಸಂಗತಿ ಒಂದೇ: ಒಂದು ಕ್ಲಿಕ್ಕಿಗೆ ಸಂದು ಎಷ್ಟು ಬದಲಾಗುತ್ತೆ. ಕೆ6 ಕ್ಲಿಕ್ಕಿಗೆ 16 ಮೈಕ್ರಾನ್, ಜೆ-ಅಲ್ಟ್ರಾ 8. ಫಿಲ್ಟರಿಗೆ, ಫ್ರೆಂಚ್ ಪ್ರೆಸ್ಸಿಗೆ ಇದು ಲೆಕ್ಕಕ್ಕಿಲ್ಲ. ಎಸ್ಪ್ರೆಸೊದಲ್ಲಿ ಒಂದೆರಡು ಕ್ಲಿಕ್ಕಿಗೆ ಐದಾರು ಸೆಕೆಂಡು ಆಚೀಚೆ ಆಗಿಬಿಡುತ್ತೆ. ಕ್ಲಿಕ್ ದೊಡ್ಡದಾಗಿದ್ದರೆ ಒಂದರಲ್ಲಿ ಹನಿಯೂ ಬೀಳಲ್ಲ, ಮುಂದಿನದರಲ್ಲಿ ಜೋಗ ಜಲಪಾತ. ‘ಬರ್’ ಅಂತ ಬರೆದಿರೋದೆಲ್ಲ ಎಸ್ಪ್ರೆಸೊಗೆ ಆಗಲ್ಲ ಅನ್ನೋದಕ್ಕೆ ಇದೇ ಕಾರಣ. ಎರಡೂವರೆ ಸಾವಿರಕ್ಕೆ ಸಿಗೋ, ಸೆರಾಮಿಕ್ ಬರ್ ಅಳ್ಳಾಡೋ ಗ್ರೈಂಡರನ್ನು ನಾನೂ ತಗೊಂಡು ಮೋಸ ಹೋದವನೇ. 18 ಗ್ರಾಂ ಬೀಸೋಷ್ಟರಲ್ಲಿ ಸ್ಟ್ಯಾಂಡಪ್ ಮೀಟಿಂಗ್ ಮುಗಿದಿತ್ತು.

ಈಗ ಬೀಜ. ಇಲ್ಲಿ ನನ್ನ ದನಿ ಸ್ವಲ್ಪ ಜೋರಾದರೆ ಕ್ಷಮಿಸಿ.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳೋ ದೇಶ ಯಾವುದು ಗೊತ್ತಾ? ಇಟಲಿ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯೋದು ಕರ್ನಾಟಕದಲ್ಲಿ. ದೇಶದಲ್ಲಿ ಬೆಳೆಯೋದರಲ್ಲಿ ಹೆಚ್ಚುಕಮ್ಮಿ ಅಷ್ಟೇ ಪಾಲು ರೊಬಸ್ಟಾ. ಇಟಲಿಯವರು ಅದನ್ನೇನು ದನಕ್ಕೆ ಹಾಕೋಕೆ ಒಯ್ತಾರಾ? ಎಸ್ಪ್ರೆಸೊ ಮೇಲೆ ಕಟ್ಟುವ ದಟ್ಟ ನೊರೆಗೆ, ಬಾಯಲ್ಲಿ ತುಂಬೋ ಗಟ್ಟಿತನಕ್ಕೆ, ಹಾಲು ಬೆರೆಸಿದರೂ ಅಡಗದ ರುಚಿಗೆ ರೊಬಸ್ಟಾ ಬೆರೆಸೋದು ಅವರಲ್ಲಿ ಹಳೇ ರೂಢಿ. ಕೆಫೀನ್ ಕೂಡ ಅರೇಬಿಕಾದ ಸುಮಾರು ಎರಡರಷ್ಟು. ಎಸ್ಪ್ರೆಸೊ ಕಂಡುಹಿಡಿದವರೇ ನಮ್ಮ ಬೀಜಕ್ಕೆ ದುಡ್ಡು ಕೊಟ್ಟು ಹಡಗಿನಲ್ಲಿ ಒಯ್ಯುವಾಗ, ಇಂದಿರಾನಗರದ ನಾವು ‘100% ಅರೇಬಿಕಾ’ ಅಂತ ಬರೆಯದ ಪೊಟ್ಟಣವನ್ನು ಮುಟ್ಟಲ್ಲ. ಬದಲಿಗೆ ಅಲ್ಲೇ ಹುರಿದು, ಸಮುದ್ರ ದಾಟಿ, ಗೋಡೌನಿನಲ್ಲಿ ಮಲಗಿ ಎದ್ದು ಬಂದ ಡಬ್ಬಕ್ಕೆ ಸಾವಿರಗಟ್ಟಲೆ ಕೊಡ್ತೀವಿ. ಆ ಡಬ್ಬದ ಒಳಗೆ ನಮ್ಮ ಕಡೆಯದ್ದೇ ರೊಬಸ್ಟಾ ಇದ್ದರೂ ಇರಬಹುದು.

ಹುರಿದ ಬೀಜ ಅಂದರೆ ಉಪ್ಪಿನಕಾಯಿ ಅಲ್ಲ, ಇಟ್ಟಷ್ಟೂ ರುಚಿ ಬರೋಕೆ. ಹುರಿದ ಮೇಲೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗೋಕೆ ಒಂದು ವಾರ, ಹತ್ತು ದಿನ ಬಿಡಬೇಕು. ಅಲ್ಲಿಂದ ಸುಮಾರು ಒಂದು ತಿಂಗಳು ಅದರ ಒಳ್ಳೇ ಕಾಲ. ಆಮೇಲೆ ಪರಿಮಳ ಇಳಿಯುತ್ತೆ, ನೊರೆ ತೆಳುವಾಗುತ್ತೆ. ಪುಡಿ ಮಾಡಿಟ್ಟರಂತೂ ತಿಂಗಳ ಲೆಕ್ಕವೇ ಇಲ್ಲ, ದಿನದ ಲೆಕ್ಕ. ಹಾಗಾಗಿ ಪೊಟ್ಟಣ ತಿರುಗಿಸಿ ಹುರಿದ ದಿನಾಂಕ ಹುಡುಕಿ. ‘ಬೆಸ್ಟ್ ಬಿಫೋರ್’ ಮಾತ್ರ ಇದ್ದರೆ ವಾಪಸ್ ಇಡಿ. ಇದು ಇಟಲಿಯದ್ದಕ್ಕೂ ಸೈ, ನಮ್ಮದಕ್ಕೂ ಸೈ. ನಮ್ಮೂರಿನದು ಅನ್ನೋ ಒಂದೇ ಕಾರಣಕ್ಕೆ ಆರು ತಿಂಗಳ ಹಳೇದನ್ನು ಕುಡೀರಿ ಅಂತ ನಾನು ಹೇಳಲ್ಲ. ಚಿಕ್ಕಮಗಳೂರಿಗೆ ಟ್ರಿಪ್ ಹೋದಾಗ ರಸ್ತೆ ಬದಿಯಲ್ಲಿ ‘ಎಸ್ಟೇಟ್ ಫ್ರೆಶ್’ ಅಂತ ಕೊಂಡು ತರೋ ಪುಡಿಯೂ ಈ ಮಾತಿಗೆ ಸೇರಿತು.

ರೊಬಸ್ಟಾ ರಬ್ಬರ್ ಸುಟ್ಟ ಹಾಗಿರುತ್ತೆ ಅನ್ನೋರಿದ್ದಾರೆ. ಅವರ ನಾಲಿಗೆ ಸುಳ್ಳು ಹೇಳ್ತಿಲ್ಲ. ಹಸಿರು, ಅರೆಹಣ್ಣು, ಕಪ್ಪಾಗಿದ್ದು ಎಲ್ಲವನ್ನೂ ಒಟ್ಟಿಗೆ ಉದುರಿಸಿ, ಮಣ್ಣು ಕಣದಲ್ಲಿ ರಾಶಿ ಹಾಕಿ ಒಣಗಿಸಿದರೆ ಹಾಗೇ ಆಗೋದು. ನಮ್ಮಪ್ಪನೂ ಎಷ್ಟೋ ವರ್ಷ ಹಾಗೇ ಮಾಡಿದ್ದಾರೆ, ಮುಚ್ಚಿಡೋದೇನು? ಹಣ್ಣು ಮಾತ್ರ ಆರಿಸಿ ಕುಯ್ಯೋಕೆ ಮೂರು ಸಲ ಆಳು ಬೇಕು. ಆಳು ಸಿಗಲ್ಲ. ಸಿಕ್ಕಿದರೂ, ಮಂಡಿಯವನು ಹಣ್ಣು ಆರಿಸಿದವನಿಗೂ ಉದುರಿಸಿದವನಿಗೂ ಹೆಚ್ಚುಕಮ್ಮಿ ಒಂದೇ ರೇಟು ಹೇಳುವಾಗ ಆರಿಸೋ ಹುಚ್ಚು ಯಾರಿಗೆ? ಹಣ್ಣು ಕುಯ್ದು, ಪಲ್ಪ್ ಮಾಡಿ, ತೊಳೆದು ಒಣಗಿಸಿದ ರೊಬಸ್ಟಾ ಬೇರೆಯೇ ಪದಾರ್ಥ. ಕಾಪಿ ರಾಯಲ್ ಅಂತ ಅದಕ್ಕೊಂದು ಗ್ರೇಡೇ ಇದೆ. ಬಾಯಲ್ಲಿ ಹುರಿದ ಕಡಲೆ, ಕೋಕೋ, ಸ್ವಲ್ಪ ಬೆಲ್ಲ ಸುಟ್ಟ ಹಾಗೆ. ಆದರೆ ಅದನ್ನು ಕೇಳಿ ಕೊಳ್ಳೋರು ಬೇಕಲ್ಲ? ನೀವು ‘ರೊಬಸ್ಟಾನಾ, ಛೀ’ ಅಂದರೆ ಆ ಮೂರು ಸಲದ ಕುಯ್ಲಿನ ಖರ್ಚು ಹುಟ್ಟೋದು ಎಲ್ಲಿಂದ? ಮತ್ತೆ ಉದುರಿಸೋದೇ, ಮಣ್ಣು ಕಣವೇ, ಮತ್ತೆ ರಬ್ಬರ್ ವಾಸನೆಯೇ. ಆಮೇಲೆ ನೀವೇ ‘ನೋಡಿದ್ಯಾ, ನಾನು ಹೇಳಿರಲಿಲ್ವಾ’ ಅನ್ನೋದು.

ಹಾಗಾದರೆ ಏನು ತಗೊಳ್ಳೋದು? ನಾನು ಮಾಡೋದು ಹೇಳ್ತೀನಿ. ಮಧ್ಯಮಕ್ಕಿಂತ ತುಸು ಗಾಢವಾಗಿ ಹುರಿದ ಅರೇಬಿಕಾ, ಅದರಲ್ಲೂ ಎಸ್.795 ತಳಿಯದ್ದು, ಅದಕ್ಕೆ ನೂರಕ್ಕೆ ಇಪ್ಪತ್ತು-ಮೂವತ್ತರಷ್ಟು ತೊಳೆದ ರೊಬಸ್ಟಾ ಬೆರೆತಿದ್ದು. ಬೆಂಗಳೂರಿನಲ್ಲೇ ಹುರಿಯೋರು ಬೇಕಾದಷ್ಟಿದ್ದಾರೆ, ತೋಟದ ಹೆಸರು, ತಳಿ, ತಾರೀಕು ಎಲ್ಲ ಅಚ್ಚು ಹಾಕಿರ್ತಾರೆ. ಹುಳಿಯೇ ಆಗದವರು ಮಾನ್ಸೂನ್ಡ್ ಮಲಬಾರ್ ನೋಡಿ. ಮಂಗಳೂರು ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಹರವಿ ಉಬ್ಬಿಸಿದ ಬೀಜ, ಹುಳಿ ಪೂರ್ತಿ ಸತ್ತಿರುತ್ತೆ. ನನಗೆ ಅದು ಸ್ವಲ್ಪ ಸಪ್ಪೆ, ನನ್ನ ಹೆಂಡತಿಗೆ ಅದೇ ಬೇಕು. ತುಂಬಾ ತಿಳಿಯಾಗಿ ಹುರಿದ, ಪೊಟ್ಟಣದ ಮೇಲೆ ಮಲ್ಲಿಗೆ-ಕಿತ್ತಳೆ ಅಂತೆಲ್ಲ ಬರೆದಿರೋದನ್ನು ಶುರುವಿನಲ್ಲೇ ಎಸ್ಪ್ರೆಸೊಗೆ ತರಬೇಡಿ. ಸಾಮಾನ್ಯ ಗ್ರೈಂಡರಿನಲ್ಲಿ ಅದನ್ನು ಪಳಗಿಸೋದು ಕಷ್ಟ, ನಿಂಬೆ ಪಾನಕ ಆಗುತ್ತೆ.

ಇನ್ನೊಂದು ಚಟ ಇದೆ ನಮ್ಮವರದ್ದು, ವಾರಕ್ಕೊಂದು ಹೊಸ ಪೊಟ್ಟಣ. 250 ಗ್ರಾಂ ಅಂದರೆ 18 ಗ್ರಾಮಿನಂತೆ ಹದಿಮೂರು ಶಾಟ್. ಸಂದು ಸರಿ ಹೊಂದಿಸೋಕೇ ಮೂರ್ನಾಲ್ಕು ಹೋಗುತ್ತೆ. ಇನ್ನೇನು ಕೈಗೆ ಹತ್ತಿತು ಅನ್ನುವಾಗ ಬೀಜ ಬದಲು! ಪ್ರೊಡಕ್ಷನ್ ಬಗ್ ಹುಡುಕುವಾಗ ಕೋಡು, ಕಾನ್ಫಿಗ್, ಡೇಟಾಬೇಸ್ ಮೂರನ್ನೂ ಒಟ್ಟಿಗೆ ಬದಲಾಯಿಸಿದ ಜೂನಿಯರ್‌ಗೆ ನೀವು ಏನಂತೀರಿ? ಒಂದೇ ಬೀಜ, ಒಂದೇ ಸಲಕ್ಕೆ ಎರಡು ಪೊಟ್ಟಣ, ಒಂದು ತಿಂಗಳು. 18 ಗ್ರಾಂ ಪುಡಿ, 36 ಗ್ರಾಂ ಕಾಫಿ, ತೂಕದ ಯಂತ್ರ ಕಡ್ಡಾಯ. ಬೇಗ ಸುರಿದರೆ ಸಂದು ಬಿಗಿ ಮಾಡಿ, ತಡವಾದರೆ ಸಡಿಲ. ಬೇರೆ ಏನನ್ನೂ ಮುಟ್ಟಬೇಡಿ. ಇಷ್ಟೆಲ್ಲ ಮಾಡಿದ ಮೇಲೂ ಹಿಡಿಸದಿದ್ದರೆ ಬೀಜವನ್ನು ಧಾರಾಳವಾಗಿ ಬೈಯಿರಿ, ನಾನೂ ಜೊತೆಗೆ ಬರ್ತೀನಿ.

ಜನವರಿಯಲ್ಲಿ ಊರಿಗೆ ಹೋದಾಗ ನನ್ನ ಕೈ ಗ್ರೈಂಡರನ್ನೂ ಕೈಯಲ್ಲೇ ಒತ್ತೋ ಪುಟ್ಟ ಎಸ್ಪ್ರೆಸೊ ಮೇಕರನ್ನೂ ಒಯ್ದಿದ್ದೆ. ಹಿಂದಿನ ಸಲ ಹಣ್ಣು ಮಾತ್ರ ಆರಿಸಿ, ಟಾರ್ಪಾಲಿನ ಮೇಲೆ ಒಣಗಿಸಿಟ್ಟ ಎರಡು ಕೆಜಿ ಇತ್ತು. ನನ್ನ ಹಟಕ್ಕೆ ಮಾಡಿದ್ದು, ಮಂಡಿಗೆ ಕೊಟ್ಟಿರಲಿಲ್ಲ. ಅಮ್ಮ ಹುರಿದು ಕೊಟ್ಟಿದ್ದನ್ನು ವಾರ ಬಿಟ್ಟು ಬೀಸಿದೆ. ಅಪ್ಪ ಆ ಪುಟ್ಟ ಲೋಟ ನೋಡಿ ‘ಇಷ್ಟೇನಾ?’ ಅಂದರು. ನಲವತ್ತು ವರ್ಷ ಬೆಳೆದ ಕಾಯಿಯನ್ನು ಹೀಗೆ ಕುಡಿದಿದ್ದು ಅದೇ ಮೊದಲು. ಮನೆಗೆ ಅಂತ ಉಳಿತಿದ್ದುದು ನೆಲಕ್ಕೆ ಉದುರಿದ್ದು, ಮಂಡಿಯವನು ಬೇಡ ಅಂದಿದ್ದು ತಾನೇ. ನಿಧಾನಕ್ಕೆ ಕುಡಿದು, ಲೋಟದ ತಳ ನೋಡಿ, ‘ನಮ್ದಾ ಇದು?’ ಅಂತ ಕೇಳಿದರು. ಹೌದು ಅಂದೆ. ‘ಇನ್ನೊಂದು ಸ್ವಲ್ಪ ಮಾಡು, ನಿಮ್ಮಮ್ಮಂಗೂ ಕೊಡೋಣ. ಇದಕ್ಕೆ ಬೆಂಗಳೂರಲ್ಲಿ ಎಷ್ಟು ತಗೋತಾರೆ?’ ಅಂದರು.

ಒಂದು ಕಪ್ಪಿಗೆ ನೂರಾ ಎಂಬತ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ. ‘ಜಾಸ್ತಿ ಅಪ್ಪ’ ಅಂತಷ್ಟೇ ಅಂದು ಹಿಡಿ ತಿರುಗಿಸೋಕೆ ಶುರು ಮಾಡಿದೆ.