ಮನೆಯ ಬಾಯಿಗಳನ್ನು ಎಣಿಸದ ಕಾನೂನು

ಸಾಲ ವಸೂಲಿಯ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆಯನ್ನು ತಡೆಯಲು 2025ರಲ್ಲಿ ಕರ್ನಾಟಕವೂ ತಮಿಳುನಾಡೂ ಕಾನೂನು ಮಾಡಿದವು. ಬಾಗಿಲಿಗೆ ಬಂದು ಬೆದರಿಸುವವನಿಗೆ ಅಂಕುಶ ಬಿದ್ದದ್ದು ಸ್ವಾಗತಾರ್ಹವೇ. ಆದರೆ ನ್ಯಾಯಾಲಯದ ಮೂಲಕವೇ, ಸದ್ದಿಲ್ಲದೆ, ಸಂಬಳದಿಂದ ಕಡಿತವಾಗುವ ಹಣದ ವಿಷಯದಲ್ಲಿ ಯಾರೂ ಮಾತೆತ್ತುತ್ತಿಲ್ಲ.

ಚೆನ್ನೈಯ ಸಿವಿಲ್ ನ್ಯಾಯಾಲಯವೊಂದು ಸಂಬಳ ಜಪ್ತಿಯ ಆದೇಶ ಹೊರಡಿಸಿದರೆ ಅದು ಸಾಲಗಾರನು ದುಡಿಯುವ ಕಚೇರಿಗೆ ತಲುಪುತ್ತದೆ. ಎಷ್ಟು ಕಡಿತವಾಗಬೇಕೆಂಬುದನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲು ಸಾಲಗಾರನಿಗೆ, ಮಿಕ್ಕದ್ದು ಜಪ್ತಿಗೆ. 25,000 ರೂಪಾಯಿ ಸಂಬಳದವನಿಗೆ 17,000 ಉಳಿದು 8,000 ಹೋಗುತ್ತದೆ. ಅವನು ಒಂಟಿಯೋ, ಅಥವಾ ವೃದ್ಧ ತಂದೆತಾಯಿ, ಪತ್ನಿ ಮತ್ತು ಇಬ್ಬರು ಮಕ್ಕಳ ಹೊಣೆ ಹೊತ್ತವನೋ ಎಂದು ಕಾನೂನು ಕೇಳುವುದಿಲ್ಲ.

ಆ 1,000 ರೂಪಾಯಿಯ ಕಥೆಯೂ ಗಮನಾರ್ಹ. ಮೊದಲು 400 ಇದ್ದುದನ್ನು 1999ರ ತಿದ್ದುಪಡಿ 1,000ಕ್ಕೆ ಏರಿಸಿತು. 2002ರ ಜುಲೈ 1ರಿಂದ ಅದು ಜಾರಿಗೆ ಬಂತು. ಅಕ್ಕಿಬೇಳೆ, ಮನೆಬಾಡಿಗೆ, ಶಾಲಾ ಶುಲ್ಕಗಳೆಲ್ಲ ಎಷ್ಟೋ ಪಟ್ಟು ಏರಿದರೂ ಈ ಅಂಕಿ ಕದಲಿಲ್ಲ.

ಅವಲಂಬಿತರ ಹಸಿವು ಕಾನೂನಿಗೆ ಅಪರಿಚಿತವೇನಲ್ಲ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಯನ್ನು ಇದೇ ಕಲಮು ಪೂರ್ಣವಾಗಿ ಜಪ್ತಿಯಿಂದ ಹೊರಗಿಟ್ಟಿದೆ. ಜೀವನಾಂಶದ ಡಿಕ್ರಿಯಿದ್ದರೆ ಸಂಬಳದ ಮೂರನೆಯ ಒಂದು ಪಾಲನ್ನಷ್ಟೇ ದುಡಿಯುವವನಿಗೆ ಉಳಿಸುತ್ತದೆ. ಅಂದರೆ ನ್ಯಾಯಾಲಯದ ಮೆಟ್ಟಿಲೇರಿದ ಪತ್ನಿಯ ಹಕ್ಕು ಕಾನೂನಿನ ಕಣ್ಣಿಗೆ ಕಾಣುತ್ತದೆ. ಅದೇ ಸೂರಿನಡಿ ಮೌನವಾಗಿ ಬಾಳುವ ಪತ್ನಿ ಕಾಣುವುದಿಲ್ಲ. ಜರ್ಮನಿಯಲ್ಲಾದರೋ ಪೋಷಿಸಬೇಕಾದವರ ಸಂಖ್ಯೆ ಹೆಚ್ಚಿದಂತೆ ರಕ್ಷಿತ ಸಂಬಳದ ಮೊತ್ತವೂ ಹೆಚ್ಚುತ್ತದೆ; ಆ ಮೊತ್ತವನ್ನು ಪ್ರತಿವರ್ಷ ಪರಿಷ್ಕರಿಸಲಾಗುತ್ತದೆ.

ಸಾಲ ಕೊಟ್ಟವನಿಗೂ ಸಂಸಾರವಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಈಗಿನ ನಿಯಮದಂತೆ ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳ ಕಾಲ ಜಪ್ತಿ ನಡೆದ ಮೇಲೆ ಆ ಡಿಕ್ರಿಗೆ ಸಂಬಳ ಮತ್ತೆ ಸಿಗುವುದಿಲ್ಲ. ಆದ್ದರಿಂದ ಕಂತನ್ನು ಕಿರಿದು ಮಾಡಿದಾಗ ಈ ಅವಧಿಯನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಮೇಲಿನ ಉದಾಹರಣೆಯಲ್ಲಿ 8,000ದ ಬದಲು 4,000ವನ್ನು 48 ತಿಂಗಳು ಕಡಿದರೂ ಸೇರುವ ಮೊತ್ತ 1,92,000 ರೂಪಾಯಿಯೇ. ಸಾಲಿಗನು ಕಾಯಬೇಕಾದೀತು, ನಿಜ. ಆದರೆ ಮಕ್ಕಳ ಊಟಕ್ಕೆ ಹೊಸ ಸಾಲ ಮಾಡಬೇಕಾದ ಸಾಲಗಾರನಿಂದ ಹಳೆಯ ಸಾಲ ತೀರುವುದಾದರೂ ಹೇಗೆ?

ಸಿವಿಲ್ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಸಂಸತ್ತು ಸುಮ್ಮನಿದ್ದರೆ ತಮಿಳುನಾಡು ವಿಧಾನಸಭೆಯೇ ತಿದ್ದುಪಡಿ ತಂದು ರಾಷ್ಟ್ರಪತಿಯ ಅಂಕಿತ ಪಡೆಯಬಹುದು. ಪ್ರತಿ ಅವಲಂಬಿತನಿಗೂ ನಿಗದಿತ ರಕ್ಷಣೆ, ಬೆಲೆಸೂಚ್ಯಂಕಕ್ಕೆ ಹೊಂದಿಕೊಂಡ ವಾರ್ಷಿಕ ಪರಿಷ್ಕರಣೆ, ಹಿಗ್ಗಿಸಿದ ಅವಧಿ: ಬೇಕಿರುವುದು ಈ ಮೂರೇ.

ಸಾಲ ಕೊಡುವ ಕೈಗಳೂ ಪಡೆಯುವ ಕೈಗಳೂ ಒಂದೇ ಬಸದಿಯಲ್ಲಿ ಮುಗಿಯುವ ಜೈನ ಸಮಾಜ ಈ ಬೇಡಿಕೆಯನ್ನು ಮುಂದಿಡಲು ಹಿಂಜರಿಯಬೇಕಿಲ್ಲ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಶ್ರಾವಕನ ಅಣುವ್ರತ. ವಸೂಲಿಗೂ ಒಂದು ಮಿತಿಯಿರಲಿ ಎಂಬ ಮಾತು ಆ ವ್ರತಕ್ಕೆ ಹೊರತಾದುದಲ್ಲ.