ಶ್ರುತಿ ಬದಲಿಸುವ ಗುಂಡಿ ಒತ್ತಿದರೆ ಮೋಸವೇ?



ಕೀಬೋರ್ಡಿನಲ್ಲಿ ‘ಟ್ರಾನ್ಸ್‌ಪೋಸ್’ ಎಂಬ ಗುಂಡಿ ಇರುತ್ತದೆ. ನಾನು ಅದನ್ನು ಒತ್ತಿದರೆ ಕೆಲವರು ನಗುತ್ತಾರೆ. “ಕುಣಿಯಲಾರದವಳು ನೆಲ ಡೊಂಕು ಅಂದಂಗಾಯ್ತು. ಬೆರಳಿಗೆ ಬರಲ್ಲ, ಗುಂಡಿ ಒತ್ತತಾಳ” ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಆ ಗುಂಡಿ ಮಾಡುವುದೇನು? ಒಂದು ಸಪ್ತಕದಲ್ಲಿ ಬಿಳಿ 7, ಕಪ್ಪು 5, ಒಟ್ಟು 12 ಕೀಗಳಿವೆ. ಗುಂಡಿ ಸೊನ್ನೆಯಲ್ಲಿದ್ದರೆ ಬಿಳಿ ಒಂದನ್ನು ಒತ್ತಿದಾಗ ಅದರದೇ ದನಿ ಬರುತ್ತದೆ. +2 ಮಾಡಿದರೆ ಅದೇ ಕೀ ಬಿಳಿ ಎರಡರ ದನಿ ಕೊಡುತ್ತದೆ. ಬೆರಳು ಇದ್ದಲ್ಲೇ ಇರುತ್ತದೆ, ಶ್ರುತಿ ಮಾತ್ರ ಏರುತ್ತದೆ. ಇಷ್ಟೇ.

ಇದು ಯಾರಿಗೆ ಬೇಕು? ನುಡಿಸುವವರಿಗಿಂತ ಹಾಡುವವರಿಗೆ ಬೇಕು. ನಮ್ಮ ವಯಸ್ಸಿನ ಹುಡುಗರ ದನಿ ಈಗ ಒಡೆಯುತ್ತದೆ. ಹೋದ ವರ್ಷ ಹಾಡಿದ ಹಾಡು ಈ ವರ್ಷ ಮೇಲಿನ ಸ್ವರಕ್ಕೆ ಏರುವುದಿಲ್ಲ. ಆಗ “ನೀವು ಬರೇ ಬಾಯಿ ಆಡಸ್ರಿ, ದನಿ ತೆಗೀಬ್ಯಾಡ್ರಿ” ಎಂದು ಅವರನ್ನು ಹಿಂದಿನ ಸಾಲಿಗೆ ನಿಲ್ಲಿಸುವುದನ್ನು ನಾನು ಕಂಡಿದ್ದೇನೆ. ಹಾಡಲಾಕ ಬಾರದವರಲ್ಲ ಅವರು, ಶ್ರುತಿ ಕೂಡದವರು ಅಷ್ಟೇ. ಅಂಗಿ ಬಿಗಿಯಾದರೆ ಅಂಗಿ ಬದಲಿಸಬೇಕೋ, ಮೈ ಕೊಯ್ದುಕೊಳ್ಳಬೇಕೋ?

“ಶ್ರುತಿ ಬದಲಿಸಿದರೆ ಹಾಡು ಕೆಡಲ್ಲೇನು?” ಎಂದು ಕೇಳುವವರಿದ್ದಾರೆ. ನಾಡಗೀತೆಯನ್ನೇ ತೆಗೆದುಕೊಳ್ಳಿ. 2022ರಲ್ಲಿ ಸರಕಾರ ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿತು. ಗುಂಡಿ ಒತ್ತಿದರೆ ಧಾಟಿಯೂ ಬದಲಾಗದು, ಹೊತ್ತೂ ಹೆಚ್ಚಾಗದು.

ಕಲಬುರಗಿಯಲ್ಲಿರುವ ನಮ್ಮ ಮಾಮಾ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಗಂಡಸರು ಹಾಡಿದ ಮೇಲೆ ಹೆಂಗಸರು ಹಾಡಲು ಬಂದರೆ ಅವರು ಗುಂಡಿ ಒತ್ತಿಯೇ ಶ್ರುತಿ ಬದಲಿಸುತ್ತಾರೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲಿ ಕೀಗಳ ಹಲಗೆಯನ್ನೇ ಸರಿಸಿ ಇದೇ ಕೆಲಸ ಮಾಡುತ್ತಾರೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ.

ಆದರೆ ಗುಂಡಿಯನ್ನೇ ನಂಬಿ ಕೂರಬಾರದು ಎಂಬುದೂ ನಿಜ. ನಮ್ಮ ಕಮಲಾಪುರ ಕಡೆ ಭಜನೆಗೆ ಸಾದಾ ಹಾರ್ಮೋನಿಯಂ ಇಡುತ್ತಾರೆ. ಅದರಲ್ಲಿ ಈ ಗುಂಡಿ ಎಲ್ಲಿಯದು? ಅಲ್ಲಿ ಕಪ್ಪು ಒಂದರಿಂದಲೂ ಬಿಳಿ ನಾಲ್ಕರಿಂದಲೂ ನುಡಿಸಲು ಬೆರಳಿಗೇ ಗೊತ್ತಿರಬೇಕು. ಅದಕ್ಕೇ ನಾನು ಮನೆಯಲ್ಲಿ ಸೊನ್ನೆಯಲ್ಲಿಟ್ಟೇ ಅಭ್ಯಾಸ ಮಾಡುತ್ತೇನೆ. ಇನ್ನೊಂದು ಮಾತು: ಶ್ರುತಿ ಬದಲಾದರೆ ತಬಲಾವನ್ನೂ ಸುತ್ತಿಗೆಯಿಂದ ಹೊಸ ಶ್ರುತಿಗೆ ಕೂಡಿಸಬೇಕು. ಹಾಡು ಮುಗಿದ ಮೇಲೆ ಗುಂಡಿಯನ್ನು ಸೊನ್ನೆಗೆ ತರಬೇಕು.

ನನ್ನ ಸೂಚನೆ ಇಷ್ಟು. ಆಗಸ್ಟ್ 15ಕ್ಕಾಗಲಿ, ಪ್ರತಿಭಾ ಕಾರಂಜಿಗಾಗಲಿ ಹಾಡುವವರ ಪಟ್ಟಿ ಬರೆಯುವ ಮೊದಲು −3ರಿಂದ +3ರವರೆಗೆ ಶ್ರುತಿ ಬದಲಿಸಿ ನೋಡೋಣ. ಹಾಡಿನ ಎಲ್ಲಕ್ಕಿಂತ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಎಲ್ಲರಿಂದ ಹಾಡಿಸೋಣ. ಹೆಚ್ಚು ಜನರ ದನಿ ಕೂಡುವ ಶ್ರುತಿ ಸಿಕ್ಕ ಮೇಲೆ ಪಟ್ಟಿ ಬರೆಯೋಣ. ಇದಕ್ಕೆ ಹತ್ತು ನಿಮಿಷ ಸಾಕು. ಬರೇ ಬಾಯಿ ಆಡಿಸುವವರು ಆಗ ಹಾಡುವವರಾಗುತ್ತಾರೆ.

ನೀವೇನಂತೀರಿ? ಮುಂದಿನ ಸಂಚಿಕೆಗೆ ಬರೆಯಿರಿ.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ